ಕೊಳವೆಯಲ್ಲಿ ಏರಿದ ನೀರು

ನೀರು ಏರಿತ್ತು.

ನಾಗಶ್ರೀ ಗಾಜಿನ ಅಳತೆಕೊಳವೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಇನ್ನೊಮ್ಮೆ ನೋಡಿದಳು. ಕೆಳಗೆ ಹತ್ತನೇ ಗೆರೆಯವರೆಗೆ ನೀರು, ಅದರ ಮೇಲೆ ನೂರನೇ ಗೆರೆಯವರೆಗೆ ಪೆಟ್ರೋಲ್ ತುಂಬಿದ್ದಳು. ಬಾಯಿಗೆ ಹೆಬ್ಬೆರಳು ಒತ್ತಿ ಚೆನ್ನಾಗಿ ಕುಲುಕಿ, ಶೆಡ್ಡಿನ ಕಿಟಕಿಕಟ್ಟೆಯ ಮೇಲೆ ಐದು ನಿಮಿಷ ಇಟ್ಟಿದ್ದಳು. ಈಗ ನೀರು ಮೂವತ್ತೈದನೇ ಗೆರೆಯಲ್ಲಿತ್ತು.

ಪಕ್ಕದಲ್ಲಿದ್ದ ಎರಡನೇ ಕೊಳವೆಯಲ್ಲಿ ಇಪ್ಪತ್ತೆಂಟು.

"ಏನಂತೈತೆ?" ಎಂದರು ಗುರುಮಲ್ಲಪ್ಪ, ಡಾಕ್ಟರರ ಮುಂದೆ ಎಕ್ಸರೇ ಹಿಡಿದು ನಿಂತವರ ಹಾಗೆ.

"ಇದು ನಾವು ತರಿಸಿದ ಪೆಟ್ರೋಲ್ ಅಲ್ಲ ಅಜ್ಜಾ. ಎಥನಾಲ್ ಇಲ್ಲದ ಪೆಟ್ರೋಲಾಗಿದ್ದರೆ ಹತ್ತಕ್ಕೆ ಹಾಕಿದ ನೀರು ಹತ್ತರಲ್ಲೇ ಇರಬೇಕಿತ್ತು. ಎಥನಾಲ್ ಇದ್ದರೆ ಅದು ಪೆಟ್ರೋಲನ್ನ ಬಿಟ್ಟು ನೀರಿಗೆ ಇಳಿದುಬಿಡುತ್ತೆ. ನೀರು ಉಬ್ಬುತ್ತೆ."

"ಎರಡೂ ಕ್ಯಾನಾ?"

"ಎರಡೂ."

ಗುರುಮಲ್ಲಪ್ಪ ಹಿಂದೆ ತಿರುಗಿ ಹಾಲಮ್ಮನನ್ನು ನೋಡಿದರು.

ಹಾಲಮ್ಮ ಎಂದರೆ ಲಾರಿ. ಗುರುಮಲ್ಲಪ್ಪನವರ ತಂದೆ ಹರಾಜಿನಲ್ಲಿ ತಂದು ತಮ್ಮ ತಾಯಿಯ ಹೆಸರಿಟ್ಟ, ಉದ್ದ ಮೂತಿಯ, ನೀಲಿ ಬಣ್ಣದ, ಡೀಸೆಲ್ ಮುಟ್ಟದ ಹಳೇ ಪೆಟ್ರೋಲ್ ಲಾರಿ. ತೊಗರ್ಸಿಯ ಈ ಮನೆಗೆ ಗುರುಮಲ್ಲಪ್ಪನವರ ಹೆಂಡತಿ ಬಸವಣ್ಣೆಮ್ಮ ಸೊಸೆಯಾಗಿ ಬಂದಿಳಿದದ್ದು ಇದರಿಂದ. ನಾಲ್ಕು ಹೆಣ್ಣುಮಕ್ಕಳು ಗಂಡನ ಮನೆಗೆ ಹೋದದ್ದು ಇದರಲ್ಲೇ. ನಾಳೆ ಬೆಳಿಗ್ಗೆ ಹತ್ತೂವರೆಗೆ ಮೊಮ್ಮಗಳು ಜ್ಯೋತಿಲಕ್ಷ್ಮಿಯ ಮದುವೆ, ಸೊರಬ ಪೇಟೆ ಹಾಯ್ದು ಆಚೆಗಿರುವ ಜಡೆಯಲ್ಲಿ.

ಒಂದು ವರ್ಷದಲ್ಲಿ ಹಾಲಮ್ಮ ಮೂರು ಸಲ ದಾರಿಯಲ್ಲಿ ನಿಂತಿದ್ದಳು. ಮೂರನೆಯ ಸಲ ನಿಂತದ್ದು ನಿಶ್ಚಿತಾರ್ಥದ ದಿನ, ಎರಡೂ ಕಡೆಯ ಬೀಗರನ್ನು ಹೊತ್ತುಕೊಂಡು. ಸಿಟ್ಟು ನೆತ್ತಿಗೇರಿದ ಗುರುಮಲ್ಲಪ್ಪ ನಡುರಸ್ತೆಯಲ್ಲಿ, ಅರವತ್ತು ಜನರೆದುರು ಹೇಳಿಬಿಟ್ಟಿದ್ದರು: "ಮದುವೆ ದಿನಾನೂ ನಿಂತಳೋ, ಅವತ್ತೇ ಗುಜರಿಗೆ!"

ಆಡಿದ ಮಾತು. ಅದನ್ನು ಕೇಳಿಸಿಕೊಂಡ ಶಿಕಾರಿಪುರದ ಗುಜರಿ ಹುಲಿಯಪ್ಪ ಒಂದು ದಿನ ಮುಂಚೆಯೇ ಬಂದು ಗೇಟಿನ ಹತ್ತಿರ ಟೆಂಪೊ ನಿಲ್ಲಿಸಿ, ಮದುವೆಮನೆಯ ಮೂರನೇ ಲೋಟ ಚಹಾ ಕುಡಿಯುತ್ತಿದ್ದ.

"ಅಜ್ಜಾ, ಅರ್ಜೆಂಟಿಲ್ರೀ," ಅಲ್ಲಿಂದಲೇ ಕೂಗಿದ. "ನಾಳೆ ನಿಂತ ಮ್ಯಾಲೇ ಬಿಚ್ತೀನಿ. ಮಿರ್ಚಿ ಆರ್ತಾವು, ಯಾರಾರ ಹೇಳ್ರಿ ಇನ್ನೆರಡು ಹಾಕಾಕೆ."

ನಾಗಶ್ರೀ ಬಗ್ಗಿ ಕ್ಯಾನುಗಳನ್ನು ನೋಡಿದಳು. ಅವಳು ಶಿಕಾರಿಪುರದ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಉಪನ್ಯಾಸಕಿ; ಹಳೆಯ ವಿದ್ಯಾರ್ಥಿನಿ ಜ್ಯೋತಿಲಕ್ಷ್ಮಿಯ ಮದುವೆಗೆಂದು ನಿನ್ನೆಯೇ ಬಂದು ಈ ಮನೆಯಲ್ಲೇ ಉಳಿದಿದ್ದಳು. ಹಾಸ್ಟೆಲಿನ ಹಾಲಿಗೆ ನೀರು ಬೆರೆಸುವವನನ್ನು ಹಿಡಿದ ಮೇಲೆ ತಾಲೂಕಿನ ಅರ್ಧ ಜನ ಅವಳನ್ನು ಪತ್ತೇದಾರಿ ಮೇಡಂ ಎನ್ನುತ್ತಾರೆ. ಉಳಿದ ಅರ್ಧ ಜನ ಹಾಲು ಮಾರುತ್ತಾರೆ.

ಹತ್ತು ಲೀಟರಿನ ಎರಡು ಹಸಿರು ಕ್ಯಾನು. ಮೆಕ್ಯಾನಿಕ್ ಮಾಲತೇಶ್ ಅವುಗಳಿಗೆ ತನ್ನದೇ ಮೊಹರು ಹಾಕಿದ್ದ. ಚಕ್ರದ ನಟ್ಟು ಬಿಗಿದ ಮೇಲೆ ಅದು ಸಡಿಲವಾದರೆ ಗೊತ್ತಾಗಲೆಂದು ಬಣ್ಣದ ಒಂದು ಗೆರೆ ಎಳೆಯುತ್ತಾರಲ್ಲ, ಹಾಗೆ: ಮುಚ್ಚಳದಿಂದ ಕ್ಯಾನಿನ ಕುತ್ತಿಗೆಗೆ ಇಳಿದ ಒಂದು ಹಳದಿ ಗೆರೆ. ಮುಚ್ಚಳ ತಿರುಗಿದರೆ ಗೆರೆ ಎರಡು ತುಂಡು.

ಮೊದಲನೇ ಕ್ಯಾನಿನ ಗೆರೆ ಒಂದು ಬೆರಳಿನಷ್ಟು ತಪ್ಪಿತ್ತು. ಯಾರೋ ಮುಚ್ಚಳ ತೆಗೆದು ಹಾಕಿದ್ದಾರೆ. ಎರಡನೆಯದರ ಗೆರೆ ನೆಟ್ಟಗಿತ್ತು; ಇವತ್ತು ನಾಗಶ್ರೀ ತಿರುಗಿಸುವ ತನಕ ಯಾರೂ ಅದನ್ನು ಮುಟ್ಟಿರಲಿಲ್ಲ.

ಎರಡೂ ಕ್ಯಾನುಗಳ ಹೊಟ್ಟೆಗೆ ವಿಭೂತಿ ಬಳಿದಿತ್ತು. ಅದನ್ನು ಅವಳು ಸುಳಿವೆಂದು ಎಣಿಸಲಿಲ್ಲ. ಆ ಮನೆಯಲ್ಲಿ ವಿಭೂತಿ ಹಚ್ಚದ ವಸ್ತುವೇ ಇರಲಿಲ್ಲ. ಫ್ರಿಜ್ಜಿಗೆ ವಿಭೂತಿ, ಮಿಕ್ಸಿಗೆ ವಿಭೂತಿ, ಇನ್ವರ್ಟರಿಗೆ ವಿಭೂತಿ. ಬಸವಣ್ಣೆಮ್ಮನ ಬಲಗೈಯ ಉಂಗುರದ ಬೆರಳು ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ಅರ್ಧ ಹೋಗಿದ್ದರಿಂದ ಎಲ್ಲದರ ಮೇಲೂ ಉದ್ದದ ಎರಡು ಗೆರೆ, ಕೆಳಗೊಂದು ಚುಕ್ಕೆ. ಎರಡೂವರೆ ಗೆರೆ. ಫ್ರಿಜ್ಜಿನ ಬಾಗಿಲು ತೆರೆಯುವಾಗಲೆಲ್ಲ ನಾಗಶ್ರೀಗೆ ಅದು ಯಾವುದೋ ಮರೆತ ಲಿಪಿಯ ಅಕ್ಷರದಂತೆ ಕಾಣುತ್ತಿತ್ತು.

"ಮೊಹರು ಒಡೆಯದ ಕ್ಯಾನಿನಲ್ಲೂ ಎಥನಾಲ್ ಇದೆ," ಎಂದಳು. "ಅಂದರೆ ಪೆಟ್ರೋಲ್ ಬರುವಾಗಲೇ ಹಾಗೇ ಬಂದಿದೆ. ತಂದವರು ಯಾರು?"

"ಮಾಲತೇಶಣ್ಣ," ಎಂದಿತು ಬಾಗಿಲಿನಲ್ಲಿ ಒಂದು ದನಿ.

ಜ್ಯೋತಿಲಕ್ಷ್ಮಿ ನಿಂತಿದ್ದಳು. ಮುಖಕ್ಕೆ, ಕೈಗೆ, ಕಾಲಿಗೆ ಅರಿಶಿನ. ಕೂದಲಲ್ಲಿ ಎಣ್ಣೆ. ಕೈಯಲ್ಲಿ ನಾಗಶ್ರೀಯ ಸ್ಕೂಟರಿನ ಕೀಲಿ.

"ಲೇ, ಅರಿಶಿನ ಹಚ್ಚಿದ ಮ್ಯಾಲೆ ಹೊಸ್ತಿಲು ದಾಟಬಾರದು," ಎಂದರು ಅಜ್ಜ.

"ನಾನು ದಾಟಿದ್ದು ಹಿತ್ತಲ ಬಾಗಿಲು. ಅದಕ್ಕೆ ಹೊಸ್ತಿಲಿಲ್ಲ. ನಡೀರಿ ಮೇಡಂ."

*

ಮಾಲತೇಶನ ಗ್ಯಾರೇಜು ಶಿಕಾರಿಪುರದ ಬಸ್ ನಿಲ್ದಾಣದ ಹಿಂದೆ. ಅವನು ಒಂದು ಜೀಪಿನ ಕೆಳಗೆ ಮಲಗಿದ್ದ. ಕಾಣುತ್ತಿದ್ದದ್ದು ಎರಡು ಚಪ್ಪಲಿ ಮಾತ್ರ. ಅವನಿಗೂ ಇವರ ಕಾಲುಗಳಷ್ಟೇ ಕಾಣುತ್ತಿದ್ದವು.

"ಒಂದು ಜೊತೆ ಮೇಡಂ ಕಾಲು, ಗೊತ್ತಾತು," ಎಂದಿತು ಜೀಪಿನ ಅಡಿಯ ದನಿ. "ಇನ್ನೊಂದು ಜೊತೆ ಹಳದಿ ಐತೆ. ಯಪ್ಪಾ! ಮದುಮಗಳು ಗ್ಯಾರೇಜಿಗೆ ಬಂದಳೇನ್ರೀ!"

"ಹೊರಗೆ ಬರ್ರಿ ಮಾಲತೇಶ್," ಎಂದಳು ನಾಗಶ್ರೀ.

ಅವನು ಜಾರಿಕೊಂಡು ಹೊರಗೆ ಬಂದ. ನಲವತ್ತರ ಆಸುಪಾಸಿನ ಮನುಷ್ಯ. ಹುಬ್ಬಿನವರೆಗೂ ಗ್ರೀಸು.

"ಆ ಎರಡು ಕ್ಯಾನಲ್ಲಿ ನೀವು ತಂದಿದ್ದು ಏನು?"

"ನೂರು ಆಕ್ಟೇನ್ ಪೆಟ್ರೋಲ್."

"ಎಥನಾಲ್?"

"ಒಂದು ಹನಿ ಇಲ್ಲ. ಅದಕ್ಕಂತಲೇ ಅಷ್ಟು ದೂರ ಹೋಗಿದ್ದು. ನಾಲ್ಕು ಊರು ಸುತ್ತೀನ್ರೀ. ಒಂದು ಬಂಕಲ್ಲಿ ಖಾಲಿ, ಒಂದು ಕಡೆ ಕ್ಯಾನಿಗೆ ಕೊಡಾಕಿಲ್ಲ ಅಂದ್ರು, ಇನ್ನೊಂದು ಕಡೆ ಆ ಪಂಪಿಗೆ ಬೆಡ್‌ಶೀಟ್ ಹೊದಿಸಿ ಇಟ್ಟಿದ್ರು. ಕೊನೆಗೆ ಸಿಕ್ತು."

ನಾಗಶ್ರೀ ಚೀಲದಿಂದ ಎರಡು ಕೊಳವೆಗಳನ್ನು ತೆಗೆದು ಅವನ ಸ್ಪ್ಯಾನರುಗಳ ನಡುವೆ ನಿಲ್ಲಿಸಿದಳು. ಅವನು ನೋಡಿದ. ಅವನಿಗೆ ಅರ್ಥವಾಗಲು ಏನೂ ಹೇಳಬೇಕಾಗಲಿಲ್ಲ. ಹತ್ತಿಯ ಚಿಂದಿಯಿಂದ ನಿಧಾನವಾಗಿ ಕೈ ಒರೆಸಿಕೊಂಡ. ಒರೆಸಿದ ಮೇಲೂ ಒರೆಸುತ್ತಲೇ ಇದ್ದ.

"ನಾನು ಬದಲಾಯಿಸೀನಿ ಅಂತೀರಾ?"

"ನಾನು ಏನೂ ಅನ್ನಲ್ಲ. ನೀರು ಅಂತಿದೆ."

"ಮೇಡಂ, ಆಕ್ಟೇನ್ ಅಂದ್ರೆ ಏನು ಗೊತ್ತೇನ್ರೀ?"

"ನನಗೇ ಪಾಠವಾ?"

"ಬುಕ್ಕಿನ ಪಾಠ ಅಲ್ರೀ. ಗ್ಯಾರೇಜಿನ ಭಾಷೇಲಿ ಅದು ತಾಳ್ಮೆ. ಪೆಟ್ರೋಲಿಗೆ ತಾಳ್ಮೆ ಇರಬೇಕು. ಪ್ಲಗ್ಗು ಕಿಡಿ ಕೊಡೋತನಕ ಸುಮ್ನೆ ಕೂರಬೇಕು. ತಾಳ್ಮೆ ಇಲ್ಲದ ಪೆಟ್ರೋಲು ಒತ್ತಡ ಬಿದ್ದ ಕೂಡ್ಲೇ ತಾನೇ ಹೊತ್ಕೊಳ್ತದೆ. ಎಂಜಿನ್ ಟಣಟಣ ಅಂತದೆ. ಈ ಹಾಲಮ್ಮನ ಎಂಜಿನ್ ಮುಚ್ಚೋ ಹೆಡ್ಡು ಸೊಟ್ಟಗಾದಾಗೆಲ್ಲ ನಮ್ಮಪ್ಪ ಎರಡು ಸಲ ಸಾಣೆ ಹಿಡಿಸಿದ, ನಾನು ಎರಡು ಸಲ. ಸವೆದು ಸವೆದು ಒಳಗೆ ಜಾಗ ಕಮ್ಮಿ ಆಗೈತೆ, ಒತ್ತಡ ಜಾಸ್ತಿ ಆಗೈತೆ. ಅದಕ್ಕೇ ಆಕೆಗೆ ಈಗ ನೂರರ ತಾಳ್ಮೆ ಬೇಕು. ಎಥನಾಲ್ ಯಾಕೆ ಬೇಡ? ಆಕೆಯ ರಬ್ಬರು, ವಾಷರು ಎಲ್ಲ ಆ ಕಾಲದ್ದು. ಮೆತ್ತಗಾಗಿ ಉದುರಿ ಕಾರ್ಬರೇಟರಿಗೆ ಸಿಕ್ಕೊಳ್ತಾವೆ. ಇದೆಲ್ಲ ಕಂಡುಹಿಡಿದವ ನಾನು. ಕಂಡುಹಿಡಿದವನೇ ಮೋಸ ಮಾಡ್ತಾನೇನ್ರೀ?"

"ಮೋಸ ಮಾಡೋರು ಎಲ್ಲಾ ತಿಳಿದೋರೇ ಆಗಿರ್ತಾರೆ," ಎಂದಳು ನಾಗಶ್ರೀ. ಹೇಳಿದ ಮೇಲೆ ಸ್ವಲ್ಪ ಕಟುವಾಯಿತೇನೋ ಅನ್ನಿಸಿತು.

ಮಾಲತೇಶ್ ಎದ್ದು ಒಳಗೆ ಹೋದ. ದೇವರ ಪಟದ ಹಿಂದಿನಿಂದ ಒಂದು ಕೆಮ್ಮಿನ ಔಷಧದ ಬಾಟಲಿ ತಂದು ಅವಳ ಕೈಗಿಟ್ಟ. ಒಳಗೆ ತಿಳಿಯಾದ ಪೆಟ್ರೋಲ್.

"ಅದೇ ದಿನ, ಅದೇ ಪಂಪು. ಕ್ಯಾನು ಮುಚ್ಚೋಕೆ ಮುಂಚೆ ಅಷ್ಟು ತೆಗೆದಿಟ್ಕೊಂಡೆ. ನಮ್ಮಪ್ಪನ ಮೊಪೆಡ್ಡು ಐತಲ್ಲ, ವರ್ಷಕ್ಕೊಂದ್ಸಲ ಸ್ಟಾರ್ಟ್ ಮಾಡ್ತೀನಿ, ಅದಕ್ಕೆ. ನೋಡ್ರಿ. ಈಗಲೇ ನೋಡ್ರಿ. ನಾನು ಮುಟ್ಟಲ್ಲ."

ನಾಗಶ್ರೀ ಕೊಳವೆ ತೊಳೆದಳು. ಹತ್ತು ನೀರು. ತೊಂಬತ್ತು ಪೆಟ್ರೋಲ್. ಕುಲುಕಿದಳು. ಕೊಳವೆಯನ್ನು ಜೀಪಿನ ಬಾನೆಟ್ಟಿನ ಮೇಲೆ ಇಟ್ಟಳು. ಮೂವರೂ ಅದರ ಮುಂದೆ ಬಗ್ಗಿ ನಿಂತರು. ಬಸ್ ನಿಲ್ದಾಣದಲ್ಲಿ ಕಂಡಕ್ಟರನೊಬ್ಬ ಉಡುತಡಿ, ಉಡುತಡಿ ಎಂದು ಕೂಗುತ್ತಿದ್ದ.

ನೀರು ಹತ್ತರಲ್ಲೇ ನಿಂತಿತು. ಒಂದು ಕೂದಲೆಳೆಯಷ್ಟೂ ಏರಲಿಲ್ಲ.

"ಹೋ!" ಎಂದು ಜ್ಯೋತಿಲಕ್ಷ್ಮಿ ಚಪ್ಪಾಳೆ ತಟ್ಟಿದಳು. ಅರಿಶಿನದ ಪುಡಿ ಉದುರಿತು.

ಮಾಲತೇಶ್ ನಗಲಿಲ್ಲ. ಅವನು ಮೊದಲಿನ ಎರಡು ಕೊಳವೆಗಳ ಸಂಖ್ಯೆ ಬರೆದಿದ್ದ ನಾಗಶ್ರೀಯ ನೋಟುಪುಸ್ತಕ ನೋಡುತ್ತಿದ್ದ.

"ಇದು ಮೂವತ್ತೈದಾ?"

"ಹೌದು. ಮೊದಲನೇ ಕ್ಯಾನು."

"ಇಲ್ಲಿಯ ಬಂಕಿನ ಪೆಟ್ರೋಲಿಗೆ ಎಷ್ಟು ಎಥನಾಲ್ ಹಾಕ್ತಾರ್ರೀ?"

"ನೂರಕ್ಕೆ ಇಪ್ಪತ್ತು."

"ಹಂಗಾದ್ರೆ ತೊಂಬತ್ತಕ್ಕೆ ಹದಿನೆಂಟು. ನಿಮ್ಮ ಹತ್ತು ಸೇರಿಸಿದ್ರೆ ಇಪ್ಪತ್ತೆಂಟು. ಎರಡನೇ ಕ್ಯಾನಿನ ಲೆಕ್ಕ ಸರಿಹೋಗ್ತದೆ. ಮೊದಲನೇದು ಮೂವತ್ತೈದಕ್ಕೆ ಹೆಂಗೆ ಹೋತು? ಅಷ್ಟು ಎಥನಾಲ್ ಹಾಕಿದ ಪೆಟ್ರೋಲು ಈ ಜಿಲ್ಲೆಯೊಳಗೇ ಇಲ್ಲ."

ನಾಗಶ್ರೀ ಸಂಖ್ಯೆಯ ಕೆಳಗೆ ಬೆರಳಿಟ್ಟು ಲೆಕ್ಕವನ್ನು ಮತ್ತೆ ಮಾಡಿದಳು.

"ಮೇಡಂ, ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಪೆಟ್ರೋಲು ಎಲ್ಲಿಂದ ಎಳೆದ್ರಿ? ಕ್ಯಾನಿನ ಮ್ಯಾಲಿಂದನೋ, ತಳದಿಂದನೋ?"

ಅವಳು ಪಾರದರ್ಶಕ ಪೈಪನ್ನು ಕ್ಯಾನಿನೊಳಗೆ ತಳ ಮುಟ್ಟುವವರೆಗೆ ಇಳಿಸಿ ಎಳೆದಿದ್ದಳು.

ತಳದಿಂದ.

ನೀರು ಪೆಟ್ರೋಲಿಗಿಂತ ಭಾರ. ಕ್ಯಾನಿನಲ್ಲಿ ಮೊದಲೇ ನೀರಿದ್ದರೆ ಅದು ಕೂತಿರುವುದು ತಳದಲ್ಲಿ. ಆ ನೀರೇ ಪೈಪಿನಲ್ಲಿ ಬಂದು ಕೊಳವೆಯಲ್ಲಿ ಏರಿರಬಹುದು. ಪ್ರತಿ ವರ್ಷ ಜೂನಿನಲ್ಲಿ ಅವಳು ಮಕ್ಕಳಿಗೆ ಹೇಳುವ ಮೊದಲ ಪಾಠ: ಮಾದರಿಯನ್ನು ಎಲ್ಲಿಂದ ತೆಗೆಯುತ್ತೀರಿ ಎನ್ನುವುದು ಪರೀಕ್ಷೆಯ ಅರ್ಧ.

"ನನ್ನ ತಪ್ಪು," ಎಂದಳು ನಾಗಶ್ರೀ. "ಕ್ಷಮಿಸಿ ಮಾಲತೇಶ್."

"ಅದೆಲ್ಲ ನಾಳೆ ಊಟಕ್ಕೆ ಕೂತಾಗ ಹೇಳ್ರಿ, ಪಕ್ಕದಲ್ಲಿ ನಾಲ್ಕು ಜನ ಕೇಳಲಿ," ಎಂದು ಅವನು ಆಗಲೇ ಬೈಕಿನ ಮೇಲಿದ್ದ.

*

ಈ ಸಲ ಪೈಪು ಕ್ಯಾನಿನ ಮೇಲ್ಭಾಗದಲ್ಲಿ ನಾಲ್ಕು ಬೆರಳಷ್ಟೇ ಇಳಿಯಿತು.

ಮೊದಲನೇ ಕ್ಯಾನು: ಹತ್ತು.

ಗುರುಮಲ್ಲಪ್ಪ ಕೊಳವೆಯನ್ನು ಕಿತ್ತುಕೊಂಡು ಬಿಸಿಲಿಗೆ ಹಿಡಿದರು. ಹತ್ತು. ಅವರು ಹೆಗಲ ಮೇಲಿನ ಟವೆಲ್ ತೆಗೆದು ಗಾಳಿಗೆ ಎಸೆದರು. ಅದು ಹಾಲಮ್ಮನ ಕನ್ನಡಿಗೆ ಸಿಕ್ಕಿಕೊಂಡಿತು.

"ಹಂಗಾದ್ರೆ ತಳದಾಗಿನ ನೀರು ಎಲ್ಲಿಂದ ಬಂತು?" ಎಂದ ಮಾಲತೇಶ್.

ಬಾಗಿಲ ಬಳಿ ನಿಂತಿದ್ದ ಬಸವಣ್ಣೆಮ್ಮ ಇದ್ದಕ್ಕಿದ್ದಂತೆ ಅಡಿಗೆಮನೆಯಲ್ಲಿ ಏನೋ ಕೆಲಸ ನೆನಪಾದವರ ಹಾಗೆ ಹಿಂದೆ ಸರಿದರು.

"ಅಮ್ಮಾ," ಎಂದಳು ನಾಗಶ್ರೀ.

"ಪಾಯಸ ತಳ ಹಿಡೀತದೆ."

"ಪಾಯಸ ನಾಳೆ ಅಲ್ವಾ ಅಮ್ಮಾ?"

ಬಸವಣ್ಣೆಮ್ಮ ನಿಂತರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು.

"ಒಂದು ಲೋಟ," ಎಂದರು. "ಅಷ್ಟೇ. ಮಲ್ಲಿಕಾರ್ಜುನನ ಅಭಿಷೇಕದ ನೀರು. ಕೊಳಕು ನೀರೇನಲ್ಲ."

"ಪೆಟ್ರೋಲಿಗೆ ತೀರ್ಥ ಹಾಕಿದೆಯೇನೇ?" ಗುರುಮಲ್ಲಪ್ಪನವರ ದನಿ ಶೆಡ್ಡಿನ ತಗಡನ್ನು ಅಲುಗಿಸಿತು.

"ಹಾಕದೇ? ನಿಮ್ಮವ್ವ ಹಾಕ್ತಿದ್ದರು. ನಾನು ಬಂದ ವರ್ಷ ನಂಗೆ ಹೇಳಿಕೊಟ್ಟರು. ಅಮಾಸೆಗೊಮ್ಮೆ ಹಾಲಮ್ಮನ ಟ್ಯಾಂಕಿಗೆ ಒಂದು ಲೋಟ. ಹೆಣ್ಣು ಹೊರಡೋವಾಗ ಒಂದು ಲೋಟ. ಗಂಡಸರಿಗೆ ಹೇಳಬ್ಯಾಡ ಅಂದಿದ್ದರು, ನಾನು ಹೇಳಿಲ್ಲ. ಐವತ್ತು ವರ್ಷ ಹಾಕೀನಿ. ಈ ಒಂದು ವರ್ಷ ಬಿಟ್ರೆ ಯಾವತ್ತಾದ್ರೂ ನಿಂತಿದ್ದಳಾ?"

ಮಾಲತೇಶ್ ಹೊಟ್ಟೆ ಹಿಡಿದುಕೊಂಡು ಚಕ್ರದ ಮೇಲೆ ಕುಸಿದು ನಗತೊಡಗಿದ.

"ಅಜ್ಜಾ, ನೀವು ತಿಂಗಳಿಗೊಮ್ಮೆ ಟ್ಯಾಂಕಿನ ಅಡಿ ಬಿರಡೆ ಬಿಚ್ಚಿ ಇಬ್ಬನಿ ನೀರು, ಇಬ್ಬನಿ ನೀರು ಅಂತ ಚೆಲ್ತಿದ್ರಲ್ಲ..."

ಗುರುಮಲ್ಲಪ್ಪನವರು ಹೆಂಡತಿಯನ್ನು ನೋಡಿದರು. ಐವತ್ತು ವರ್ಷಗಳಿಂದ ಒಬ್ಬರು ಮೇಲಿನಿಂದ ಹಾಕಿದ್ದನ್ನು ಇನ್ನೊಬ್ಬರು ಕೆಳಗಿನಿಂದ ಚೆಲ್ಲಿದ್ದರು. ಇಬ್ಬರಿಗೂ ಗೊತ್ತಿರಲಿಲ್ಲ.

ನಾಗಶ್ರೀಗೆ ಈಗ ಎಲ್ಲ ಸಾಲಾಗಿ ಕಂಡಿತು. ಹಳೇ ಪೆಟ್ರೋಲಿನಲ್ಲಿ ತೀರ್ಥ ತೆಪ್ಪಗೆ ತಳದಲ್ಲಿ ಕೂತಿರುತ್ತಿತ್ತು; ಬಿರಡೆ ಬಿಚ್ಚಿದರೆ ಹೊರಗೆ. ಎಥನಾಲ್ ಬೆರೆತ ಪೆಟ್ರೋಲ್ ಬಂದ ಮೇಲೆ ನೀರು ಸುಮ್ಮನಿರಲಿಲ್ಲ. ಎಥನಾಲನ್ನೆಲ್ಲ ತನ್ನ ಕಡೆಗೆ ಎಳೆದುಕೊಂಡು ಲೋಟದ ನೀರು ತಂಬಿಗೆಯಷ್ಟಾಯಿತು, ತಂಬಿಗೆಯದು ಕೊಡದಷ್ಟು. ಎಂಜಿನ್ನಿಗೆ ಪೆಟ್ರೋಲಿನ ಬದಲು ಅದೇ ಹರಿಯಿತು.

"ಹಾಲಮ್ಮ ಮೂರು ಸಲ ನಿಂತಿದ್ದು ಯಾವ ಯಾವ ದಿನ?" ಎಂದು ಕೇಳಿದಳು.

ಜ್ಯೋತಿಲಕ್ಷ್ಮಿ ಬೆರಳು ಮಡಚಿದಳು. "ಮಹಾಲಯ ಅಮಾವಾಸ್ಯೆಯ ಮಾರನೇ ದಿನ. ಎಳ್ಳಮಾವಾಸ್ಯೆಯ ಮಾರನೇ ದಿನ. ಮತ್ತೆ ನಿಶ್ಚಿತಾರ್ಥ..."

"ಅವತ್ತು ಹೆಣ್ಣು ಹೊರಡೋ ದಿನ ಅಂತ ಎರಡು ಲೋಟ ಹಾಕಿದ್ದೆ," ಎಂದರು ಬಸವಣ್ಣೆಮ್ಮ, ಸಣ್ಣ ದನಿಯಲ್ಲಿ.

ನಗು ಗೇಟಿನವರೆಗೂ ಕೇಳಿರಬೇಕು. "ಏನ್ರೀ ಅದು? ನನ್ನ ಲಾರಿಗೇನಾತು?" ಎಂದು ಹುಲಿಯಪ್ಪ ಕೂಗಿದ.

"ನಿನ್ನ ಲಾರಿ ಅಂದ್ರೆ ಕಾಲು ಮುರೀತೀನಿ!" ಗುರುಮಲ್ಲಪ್ಪನವರ ಉತ್ತರದಲ್ಲಿ ಇಪ್ಪತ್ತು ವರ್ಷದ ಗಂಟಲಿತ್ತು.

ನಾಗಶ್ರೀ ಮಾತ್ರ ಬಸವಣ್ಣೆಮ್ಮನ ಕಡೆ ತಿರುಗಿದಳು. "ಅಮ್ಮಾ, ಎರಡನೇ ಕ್ಯಾನಿಗೂ ಹಾಕಿದ್ರಾ?"

"ಇಲ್ಲವ್ವ. ಅದರ ಮುಚ್ಚಳ ಬಿಗಿ ಇತ್ತು. ವಿಭೂತಿ ಹಚ್ಚಿ ಬಿಟ್ಟೆ."

ಎರಡನೇ ಕ್ಯಾನಿನ ಮೇಲ್ಭಾಗದಿಂದ ಪೆಟ್ರೋಲ್ ಎಳೆದರು. ಕುಲುಕಿದರು. ಕಾದರು.

ಇಪ್ಪತ್ತೆಂಟು.

ನಗು ನಿಂತಿತು. ಇದು ತೀರ್ಥವಲ್ಲ. ಮೇಲಿನಿಂದ ತೆಗೆದರೂ ಇಪ್ಪತ್ತೆಂಟು, ತಳದಿಂದ ತೆಗೆದರೂ ಇಪ್ಪತ್ತೆಂಟು. ಇದು ಊರ ಬಂಕಿನ ಪೆಟ್ರೋಲು.

"ಗೆರೆ ನೆಟ್ಟಗಿತ್ತು," ಎಂದ ಮಾಲತೇಶ್. "ಮುಚ್ಚಳ ತಿರುಗಿಸದೆ ಒಳಗಿನ ಪೆಟ್ರೋಲು ಹೆಂಗೆ ಬದಲಾಗ್ತದ್ರೀ?"

ನಾಗಶ್ರೀ ನೆಲದ ಮೇಲೆ ಕೂತು ಎರಡು ಕ್ಯಾನುಗಳನ್ನೂ ಅಕ್ಕಪಕ್ಕ ಇಟ್ಟುಕೊಂಡಳು. ಒಂದೇ ಹಸಿರು. ಒಂದೇ ಹಳದಿ ಬಣ್ಣ. ಒಂದರ ಹೊಟ್ಟೆಯ ಮೇಲೆ ಎರಡು ಉದ್ದ ಗೆರೆ, ಒಂದು ಚುಕ್ಕೆ.

ಇನ್ನೊಂದರ ಮೇಲೆ ಮೂರು. ಮೂರೂ ಉದ್ದ. ಅಚ್ಚುಕಟ್ಟು.

ಬೆಳಿಗ್ಗೆಯಿಂದ ಅವಳ ಕಣ್ಣೆದುರೇ ಇತ್ತು.

"ಅಮ್ಮಾ, ನಿಮ್ಮ ಬಲಗೈ ಕೊಡಿ." ಅವಳು ಬಸವಣ್ಣೆಮ್ಮನ ಮೂರು ಬೆರಳುಗಳನ್ನು ಎರಡನೇ ಕ್ಯಾನಿನ ಗೆರೆಗಳ ಮೇಲೆ ಇಟ್ಟಳು. ಅರ್ಧ ಬೆರಳು ಮೂರನೇ ಗೆರೆಯನ್ನು ಮುಟ್ಟಲೇ ಇಲ್ಲ. "ಪೆಟ್ರೋಲ್ ಬದಲಾಗಿಲ್ಲ ಮಾಲತೇಶ್. ಕ್ಯಾನೇ ಬದಲಾಗಿದೆ. ಯಾರೋ ಇಂಥದೇ ಕ್ಯಾನಿಗೆ ಹಳದಿ ಗೆರೆ ಎಳೆದು, ವಿಭೂತಿ ಹಚ್ಚಿ, ಇಲ್ಲಿಟ್ಟು, ನಿಮ್ಮದನ್ನ ಎತ್ತಿಕೊಂಡು ಹೋಗಿದಾರೆ. ಮೂರೂ ಬೆರಳು ಸರಿಯಿರೋರು."

"ಹುಲಿಯಪ್ಪ!" ಎಂದರು ಗುರುಮಲ್ಲಪ್ಪ.

"ಅವನು ಬಂದಿದ್ದು ಇವತ್ತು. ಚಹಾ ಬಿಟ್ಟು ಎದ್ದಿಲ್ಲ," ಎಂದಳು ನಾಗಶ್ರೀ.

ಆಗ ಅಜ್ಜನ ಜೇಬಿನಲ್ಲಿ ಫೋನು ಹೊಡೆಯಿತು. ಕಿವಿ ಮಂದವಾದ್ದರಿಂದ ಅವರ ಫೋನು ಯಾವಾಗಲೂ ಸ್ಪೀಕರಿನಲ್ಲೇ ಇರುತ್ತಿತ್ತು. ಇಡೀ ಶೆಡ್ಡಿಗೆ ಕೇಳಿತು.

"ಅಜ್ಜೋ, ನಾನು ಗುತ್ಯಪ್ಪ, ಸೊರಬದಿಂದ."

ಗುತ್ಯಪ್ಪ ಮದುಮಗ ರಾಜಕುಮಾರನ ಸೋದರಮಾವ. ಅವನ ಹತ್ತಿರ ಒಂದು ಹಳೇ ಕಾಲದ ಬಿಳಿ ಪೆಟ್ರೋಲ್ ಕಾರಿತ್ತು. ಮದುಮಗಳನ್ನು ಆ ಕಾರಿನಲ್ಲೇ ಕರೆತರಬೇಕೆಂದು ಅವನು ತಿಂಗಳಿಂದ ಹಟ ಹಿಡಿದಿದ್ದ. ಆದರೆ ಕಾರಿಗೂ ಹಾಲಮ್ಮನದೇ ಕಾಯಿಲೆ. ಅದು ಟಣಟಣ ಎಂದು ಕೆಮ್ಮಿಕೊಂಡು ಬರುವುದು ಎರಡು ಬೀದಿ ಆಚೆಗೂ ಕೇಳುತ್ತಿತ್ತು.

"ಎಂತಾಯ್ತು ಮಾರಾಯ್ರೆ ನಿಮ್ಮ ಲಾರಿ ಕಥೆ? ಸುಮ್ನೆ ಎಂತಕ್ಕೆ ತ್ರಾಸು? ನಮ್ಮ ಕಾರು ಕಳ್ಸ್ತೆ. ಹೂವು ಕಟ್ಟಿ ಆಯ್ತು, ಈಗಷ್ಟೇ ಸ್ಟಾರ್ಟ್ ಮಾಡಿದೀನಿ..."

ನಾಗಶ್ರೀ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದಳು. ಗುತ್ಯಪ್ಪನ ದನಿಯ ಹಿಂದೆ ಒಂದು ಎಂಜಿನ್ ಓ‌ಡುತ್ತಿತ್ತು. ಹೊಲಿಗೆ ಯಂತ್ರದ ಹಾಗೆ. ನಯವಾಗಿ, ಒಂದೇ ಸಮನೆ. ಕೆಮ್ಮಿಲ್ಲ. ಟಣಟಣ ಇಲ್ಲ.

ಮಾಲತೇಶ್ ಕಣ್ಣು ಮುಚ್ಚಿಕೊಂಡು ಆಲಿಸಿದ. "ನೂರು," ಎಂದ ಪಿಸುದನಿಯಲ್ಲಿ. "ನೂರರ ತಾಳ್ಮೆ."

"ಗುತ್ಯಪ್ಪನವರೇ," ಎಂದಳು ನಾಗಶ್ರೀ ಫೋನಿಗೆ ಬಗ್ಗಿ, "ನಿಮ್ಮ ಕಾರಿನ ಕೆಮ್ಮು ವಾಸಿಯಾಯ್ತಾ?"

ಆ ಕಡೆ ಎಂಜಿನ್ ಆರಿತು. ಆಮೇಲೆ ಸ್ವಲ್ಪ ದೂರದಿಂದ ಇನ್ನೊಂದು ದನಿ, ಫೋನು ಬಂದಾಗಿಲ್ಲವೆಂದು ತಿಳಿಯದ ದನಿ:

"ಮಾವ, ಅವರಿಗೆ ಫೋನ್ ಮಾಡುವಾಗ ಕಾರು ಸ್ಟಾರ್ಟ್ ಮಾಡ್ಬೇಡ ಅಂತ ಹೇಳಿದ್ನಲ್ಲ!"

ಫೋನು ಕಟ್ಟಾಯಿತು.

ಎಲ್ಲರೂ ಜ್ಯೋತಿಲಕ್ಷ್ಮಿಯನ್ನು ನೋಡಿದರು. ಆ ದನಿ ಯಾರದೆಂದು ಕೇಳಬೇಕಾಗಿರಲಿಲ್ಲ. ಸೊರಬದ ಕಚೇರಿಯಲ್ಲಿ ಸರ್ವೆಯರ್ ಆಗಿರುವ ರಾಜಕುಮಾರ. ನಾಳೆಯ ಮದುಮಗ.

"ಮೊನ್ನೆ ಸೀರೆ ಕೊಡೋಕೆ ಬಂದಿದ್ದ," ಎಂದಳು ಅವಳು ನಿಧಾನವಾಗಿ. "ಬೈಕಿನ ಹಿಂದೆ ಒಂದು ಗೋಣಿಚೀಲ ಕಟ್ಟಿತ್ತು. ಹಾಲಮ್ಮನ್ನ ನೋಡಬೇಕು ಅಂದ. ಶೆಡ್ಡಿನ ಬೀಗದ ಕೈ ನಾನೇ ಕೊಟ್ಟೆ."

"ಯಾಕೆ ತಗೊಂಡ ಅವನು?" ಎಂದರು ಬಸವಣ್ಣೆಮ್ಮ.

"ಕ್ಯಾನುಗಳ ಫೋಟೊ ಕಳಿಸಿ, ಮದುವೆ ದಿನ ಲಾರಿ ನಾನೇ ಓಡಿಸಿಕೊಂಡು ಬರ್ತೀನಿ ಅಂತ ಹೋದ ವಾರವೇ ಅವನಿಗೆ ಹೇಳಿದ್ದೆ. ಅಜ್ಜನ್ನ ಬಿಟ್ಟರೆ ಅವನೊಬ್ಬನಿಗೇ. ನಕ್ಕಿದ್ದ. ಖುಷಿಗೆ ನಕ್ಕ ಅಂದ್ಕೊಂಡೆ."

ಅವಳು ಅರಿಶಿನದ ಕೈಗಳನ್ನು ನೋಡಿಕೊಂಡಳು. ಎಂಟು ವರ್ಷದವಳಿದ್ದಾಗಿನಿಂದ ಅಜ್ಜನ ತೊಡೆಯ ಮೇಲೆ ಕೂತು ಆ ದೊಡ್ಡ ಸ್ಟಿಯರಿಂಗ್ ಹಿಡಿದ ಕೈಗಳು. ದೊಡ್ಡ ಗಾಡಿಯ ಲೈಸೆನ್ಸು ತೆಗೆದದ್ದು ಇದೇ ಒಂದು ದಿನಕ್ಕಾಗಿ.

"ಅಜ್ಜಾ, ಹತ್ತು ಲೀಟರಿಗೆ ಹಾಲಮ್ಮ ಎಲ್ಲಿವರೆಗೆ ಹೋಗ್ತಾಳೆ?"

"ಸೊರಬ ಮುಟ್ತಾಳೆ. ಜಡೆ ಮುಟ್ಟಲ್ಲ."

"ಸಾಕು. ಆ ಕಾರು ಇರೋದು ಸೊರಬದಲ್ಲೇ."

"ಇವತ್ತೇ?"

"ಈಗಲೇ. ನಾಳೆ ಕೇಳೋ ಮಾತಲ್ಲ ಇದು. ಅವನು ನನ್ನ ಮುಖ ನೋಡಿ ಹೇಳಲಿ. ಹೇಳಿದ್ದು ಸರಿಯಿದ್ರೆ ಅವನ ಕೈಯಲ್ಲೇ ಕಾರಿನ ಟ್ಯಾಂಕಿಗೆ ಪೈಪು ಹಾಕಿಸ್ತೀನಿ. ಇಲ್ಲದಿದ್ರೆ..." ಅವಳು ವಾಕ್ಯ ಮುಗಿಸದೆ ಬಾಗಿಲು ತೆರೆದು ಮೇಲೆ ಹತ್ತಿದಳು.

ಮಾಲತೇಶ್ ಟ್ಯಾಂಕು ತೊಳೆದು ಒಣಗಿಸಿ ಇಟ್ಟಿದ್ದ. ಮೊದಲನೇ ಕ್ಯಾನನ್ನು ಓರೆಯಾಗಿ ಹಿಡಿದು, ತಳದ ತೀರ್ಥ ಕದಡದ ಹಾಗೆ, ಉಸಿರು ಬಿಗಿಹಿಡಿದು ಸುರಿದ.

"ತಾಳ್ರಿ! ತಾಳ್ರಿ!" ಬಸವಣ್ಣೆಮ್ಮ ಒಳಗಿನಿಂದ ಓಡಿಬಂದರು. ಕೈಯಲ್ಲಿ ಲೋಟ.

"ಬ್ಯಾಡ!" ಎಂದು ನಾಲ್ಕೂ ಜನ ಒಟ್ಟಿಗೆ ಕಿರುಚಿದರು.

ಅವರು ಲೋಟವನ್ನು ನೋಡಿದರು, ಟ್ಯಾಂಕನ್ನು ನೋಡಿದರು. ಆಮೇಲೆ ಬಹಳ ಗತ್ತಿನಿಂದ ಇಡೀ ಲೋಟದ ನೀರನ್ನು ಹಾಲಮ್ಮನ ಮೂತಿಯ ಮೇಲೆ ಚಿಮುಕಿಸಿದರು. "ಹೊರಗಿಂದ ಹಾಕಿದರೂ ಒಳಗೆ ಹೋಗ್ತದೆ, ಹೋಗ್ರಿ."

ಜ್ಯೋತಿಲಕ್ಷ್ಮಿ ಸ್ಟಾರ್ಟರ್ ಒತ್ತಿದಳು. ಒಂದು ಗೊಗ್ಗರು ದನಿ, ಒಂದು ನಡುಕ, ಆಮೇಲೆ ಹಾಲಮ್ಮ ಎದ್ದಳು. ಟಣಟಣವಿಲ್ಲ. ಶೆಡ್ಡಿನ ತಗಡೆಲ್ಲ ಒಂದೇ ಶ್ರುತಿಯಲ್ಲಿ ಗುಂಯ್‌ಗುಟ್ಟಿತು. ಗುರುಮಲ್ಲಪ್ಪನವರು ಎಂಜಿನ್ನಿನ ಮೇಲೆ ಅಂಗೈ ಇಟ್ಟು ನಿಂತರು. ಅವರ ಕನ್ನಡಕದ ಗಾಜು ಮಂಜಾಯಿತು. ಗೇಟಿನಲ್ಲಿ ಹುಲಿಯಪ್ಪ ಚಹಾದ ಲೋಟ ಕೆಳಗಿಟ್ಟು ಟೆಂಪೊ ಹಿಂದೆ ತೆಗೆದ.

ಶಿರಾಳಕೊಪ್ಪದ ರಸ್ತೆಗೆ ಬಿದ್ದಾಗ ಗಾಳಿ ಮುಖಕ್ಕೆ ಹೊಡೆಯಿತು. ಎದುರಿನಿಂದ ಬಂದ ಬಸ್ಸಿನ ಡ್ರೈವರು ಅರಿಶಿನದ ಮುಖ ಲಾರಿ ಓಡಿಸುವುದನ್ನು ನೋಡಿ ಹಾರ್ನ್ ಒತ್ತಿದವನು ಕೈ ತೆಗೆಯುವುದನ್ನೇ ಮರೆತ. ಜ್ಯೋತಿಲಕ್ಷ್ಮಿ ತಿರುಗಿ ಹಾರ್ನ್ ಒತ್ತಿದಳು. ಸಿಟ್ಟಿನಲ್ಲೂ ಅವಳು ನಗುತ್ತಿದ್ದಳು.

ಪಕ್ಕದಲ್ಲಿ ಕೂತ ನಾಗಶ್ರೀ ಮನಸ್ಸಿನಲ್ಲೇ ಎಣಿಸುತ್ತಿದ್ದಳು. ಹೊಟ್ಟೆಯಲ್ಲಿ ಹತ್ತು ಲೀಟರು. ಸೊರಬದಿಂದ ಮುಂದಕ್ಕೂ ಇಲ್ಲ, ವಾಪಸ್ ಬರಲೂ ಇಲ್ಲ. ಆ ಕಾರಿನಲ್ಲಿ ಇನ್ನುಳಿದದ್ದೇ ಎಲ್ಲ.

ಜ್ಯೋತಿಲಕ್ಷ್ಮಿಯ ಫೋನು ಹೊಡೆಯಿತು. ಪರದೆಯ ಮೇಲೆ ರಾಜಕುಮಾರನ ಹೆಸರು. ಅವಳ ಎರಡೂ ಕೈ ಸ್ಟಿಯರಿಂಗಿನ ಮೇಲಿದ್ದವು. "ಸ್ಪೀಕರಿಗೆ ಹಾಕ್ರಿ ಮೇಡಂ. ಏನಂತಾನೆ ಕೇಳಾಣ."

"ಜ್ಯೋತಿ," ರಾಜಕುಮಾರ ಏದುಸಿರು ಬಿಡುತ್ತಿದ್ದ. "ಎಲ್ಲಾ ಹೇಳ್ತೀನಿ, ಆಮೇಲೆ ಬೈಯಿ. ಮೊದಲು ಇದು ಕೇಳು. ಕಾರು ಹೋಯ್ತು. ಈಗಷ್ಟೇ. ಹೂವು ಸಮೇತ ಹೋಯ್ತು."

"ನಿನ್ನ ಮಾವನಿಗೆ ಹೇಳು, ಎಲ್ಲಿಗೆ ಓಡಿಸಿದ್ರೂ ಹಿಡೀತೀನಿ ಅಂತ."

"ಅದೇ ಹೇಳ್ತಿರೋದು ಮಾರಾಯ್ತಿ," ಎಂದ ರಾಜಕುಮಾರ. "ಮಾವ ನನ್ನ ಪಕ್ಕದಲ್ಲೇ ನಿಂತಿದಾನೆ."